ಅಪ್ಪ-ಅಮ್ಮನ ಜೊತೆ ಮೊದಲ ಸಲ ಬ್ಯಾಂಕಾಕ್: ಹೋಗಿಬಂದವರು ದಯವಿಟ್ಟು ಹೇಳಿ

ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಅಪ್ಪ, ಅಮ್ಮ, ನಾನು, ನನ್ನ ಮಗ ಬ್ಯಾಂಕಾಕ್‌ಗೆ ಹೋಗಬೇಕು ಅಂತ ಇದ್ದೇವೆ. ಐದು ರಾತ್ರಿ. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ದೇಶ ಬಿಟ್ಟು ಹೋದವರಲ್ಲ. ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ, ಮೀನಿನ ವಾಸನೆ ಬಂದರೆ ತಟ್ಟೆ ಬಿಟ್ಟು ಏಳುತ್ತಾರೆ. ಮಗನಿಗೆ ಹತ್ತು ವರ್ಷ, ಅವನಿಗೆ ದೋಣಿ, ರೈಲು ಇದ್ದರೆ ಸಾಕು.

ಇಲ್ಲಿ ಒಬ್ಬರು ಏಜೆಂಟ್ ಪ್ಯಾಕೇಜ್ ಹೇಳಿದ್ದಾರೆ. ಎರಡು ರಾತ್ರಿ ಪಟ್ಟಾಯ, ಮೂರು ರಾತ್ರಿ ಬ್ಯಾಂಕಾಕ್, ವ್ಯಾನ್, ಇಂಡಿಯನ್ ಊಟ ಎಲ್ಲ ಸೇರಿ. ಪಟ್ಟಿ ನೋಡಿದರೆ ದಿನಕ್ಕೆ ಐದಾರು ಜಾಗ ತುರುಕಿದ್ದಾರೆ. ಅಪ್ಪನಿಗೆ ಇದು ಆಗುತ್ತದಾ ಅನ್ನುವ ಚಿಂತೆ. ನಾವೇ ಹೋದರೆ ಸಂಭಾಳಿಸಬಹುದಾ? ರೂಮು ಎಲ್ಲಿ ಮಾಡಬೇಕು? ಅಮ್ಮನ ಊಟಕ್ಕೆ ಏನು ದಾರಿ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ದುರ್ಗದವನು, ಸದ್ಯ ಬ್ಯಾಂಕಾಕ್

ಅಕ್ಕ, ನಮ್ಮೂರು ಚಿತ್ರದುರ್ಗ, ಕೆಲಸ ಇಲ್ಲಿ. ಊರಿಂದ ಬರುವ ನೆಂಟರು, ಸ್ನೇಹಿತರ ಅಪ್ಪ-ಅಮ್ಮಂದಿರನ್ನೆಲ್ಲ ಸುತ್ತಾಡಿಸುತ್ತಿರುತ್ತೇನೆ. ಧಾರಾಳವಾಗಿ ನೀವೇ ಬರಬಹುದು. ಆದರೆ ಏನೇನು ನೋಡಬೇಕು ಅನ್ನುವ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ರೂಮು ಎಲ್ಲಿ ಅನ್ನುವುದು ತೀರ್ಮಾನ ಆಗಲಿ. ವಯಸ್ಸಾದವರಿಗೆ ಈ ಊರು ಹಿಡಿಸುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ರೂಮಿನ ಮೇಲೇ ನಿಂತಿದೆ.

ಕಾರಣ ಟ್ರಾಫಿಕ್. ಸಂಜೆ ನಾಲ್ಕರಿಂದ ಎಂಟರ ತನಕ ಟ್ಯಾಕ್ಸಿ ಹತ್ತಿದರೆ ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಅದೇ ಹೊತ್ತಿನಲ್ಲಿ ಮೇಲೆ ಬಿಟಿಎಸ್ ರೈಲು, ನೆಲದಡಿ ಎಂಆರ್‌ಟಿ ರೈಲು ಆರಾಮಾಗಿ ಓಡುತ್ತಿರುತ್ತವೆ. ಹಾಗಾಗಿ ರೂಮು ಸ್ಟೇಷನ್‌ನಿಂದ ಐದು ನಿಮಿಷ ನಡೆಯುವಷ್ಟು ಹತ್ತಿರ ಇರಬೇಕು, ಮಧ್ಯೆ ದೊಡ್ಡ ರಸ್ತೆ ದಾಟುವಂತಿರಬಾರದು.

ಇಲ್ಲಿ ಒಂದು ವಿಷಯ ಗಮನಿಸಿ. ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಗೆ ಇಲ್ಲಿ ಸೋಯ್ ಅನ್ನುತ್ತಾರೆ. ಕೆಲವು ಸೋಯ್ ಒಂದು ಕಿಲೋಮೀಟರಿಗಿಂತ ಉದ್ದ ಇವೆ. ಹೋಟೆಲಿನವರು 'ಬಿಟಿಎಸ್ ಹತ್ತಿರ' ಅಂತ ಬರೆದಿರುತ್ತಾರೆ, ನೋಡಿದರೆ ಸೋಯ್‌ನ ಕೊನೆಯಲ್ಲಿ ಇರುತ್ತದೆ. ಒಂದು ಬದಿ ಬೆಸ ಸಂಖ್ಯೆ, ಇನ್ನೊಂದು ಬದಿ ಸಮ ಸಂಖ್ಯೆ, ಎರಡೂ ಎದುರುಬದುರು ಹೊಂದುವುದಿಲ್ಲ. ಸುಖುಮ್ವಿತ್ ರಸ್ತೆಯಲ್ಲಿ 21ನೇ ಸೋಯ್ ಎದುರು 20 ಇರುತ್ತದೆ ಅಂದುಕೊಂಡು ಹೊರಟರೆ ಸುಮ್ನೆ ನಡಿಗೆ. ಬುಕ್ ಮಾಡುವ ಮುಂಚೆ ಮ್ಯಾಪಿನಲ್ಲಿ ನಡೆಯುವ ದಾರಿ ಹಾಕಿ ನೋಡಿ.

ನಿಮ್ಮ ಮನೆಯವರಿಗೆ ನನ್ನ ಸಲಹೆ ಸಫಾನ್ ತಕ್ಸಿನ್ ಅಥವಾ ಸುರಸಕ್ ಸ್ಟೇಷನ್ ಹತ್ತಿರ. ಸಫಾನ್ ತಕ್ಸಿನ್‌ನಲ್ಲಿ ರೈಲು ಇಳಿದರೆ ಪಕ್ಕದಲ್ಲೇ ಸಾಥೋರ್ನ್ ದೋಣಿಗಟ್ಟೆ. ಅಲ್ಲಿಂದ ಚಾವೊ ಫ್ರಾಯ ನದಿಯ ದೋಣಿ ಹತ್ತಿದರೆ ರಾಜರ ಅರಮನೆ, ವಾಟ್ ಫೋ, ವಾಟ್ ಅರುಣ್ ಅನ್ನುವ ಬೌದ್ಧ ಗುಡಿಗಳು, ಮೂರೂ ನದಿದಂಡೆಯಲ್ಲೇ ಸಿಗುತ್ತವೆ. ಕಿತ್ತಳೆ ಬಾವುಟದ ದೋಣಿಗೆ ಒಬ್ಬರಿಗೆ 16 ಬಾತ್ (ಇಲ್ಲಿನ ದುಡ್ಡು) ಆಸುಪಾಸು. ಅಪ್ಪ ಗಾಳಿಗೆ ಕೂತುಕೊಂಡು ಹೋಗುತ್ತಾರೆ, ಮಗನಿಗೆ ದೋಣಿಯೂ ಆಯಿತು. ಗಟ್ಟೆಯಲ್ಲಿ ದೋಣಿ ಜಾಸ್ತಿ ಹೊತ್ತು ನಿಲ್ಲಿಸುವುದಿಲ್ಲ, ಅಲುಗಾಡುತ್ತಲೂ ಇರುತ್ತದೆ. ಹತ್ತುವಾಗ ಇಳಿಯುವಾಗ ಅಪ್ಪನ ಕೈ ಹಿಡಿದುಕೊಳ್ಳಿ, ಇಳಿಯುವ ಗಟ್ಟೆ ಬರುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ಬನ್ನಿ. ಈ ದೋಣಿ ಸಂಜೆಗೆ ಮುಗಿಯುತ್ತದೆ, ರಾತ್ರಿಗೆ ನಂಬಿಕೊಳ್ಳಬೇಡಿ.

ಇನ್ನೊಂದು. ದಿನಕ್ಕೆ ಒಂದೇ ದಿಕ್ಕು. ಬೆಳಗ್ಗೆ ಏಳೂವರೆಗೆ ಹೊರಡಿ, ಹನ್ನೆರಡಕ್ಕೆ ರೂಮಿಗೆ ವಾಪಸ್ ಬನ್ನಿ, ಮಲಗಿ, ನಾಲ್ಕೂವರೆ ಮೇಲೆ ಹತ್ತಿರದಲ್ಲೇ ಎಲ್ಲಾದರೂ ಹೋಗಿ. ಮಧ್ಯಾಹ್ನದ ಸೆಕೆಯಲ್ಲಿ ಸುತ್ತಿಸಿದರೆ ಮೂರನೇ ದಿನಕ್ಕೆ ಅಪ್ಪ ರೂಮು ಬಿಟ್ಟು ಹೊರಗೆ ಬರುವುದಿಲ್ಲ.

ಟಿಕೆಟ್ ಕೌಂಟರ್, ದಾವಣಗೆರೆ

ನಾನು ಇದೇ ಕೆಲಸದಲ್ಲಿ ಇರುವವನು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಪ್ಯಾಕೇಜ್ ಅಂದರೆ ಕೆಟ್ಟದ್ದು ಅಂತ ಅಲ್ಲ ಮೇಡಂ. ಹತ್ತು ಹನ್ನೆರಡು ಜನ ಒಟ್ಟಿಗೆ ಹೋದರೆ ವ್ಯಾನ್ ಇರುವುದು ದೊಡ್ಡ ಅನುಕೂಲ. ಆದರೆ ನಾಲ್ಕು ಜನಕ್ಕೆ, ಅದರಲ್ಲೂ ಮಂಡಿನೋವು ಇರುವವರಿಗೆ, ಐದು ರಾತ್ರಿಯಲ್ಲಿ ಎರಡು ಊರು ನಾನಂತೂ ಹೇಳುವುದಿಲ್ಲ. ಬ್ಯಾಂಕಾಕ್‌ನಿಂದ ಪಟ್ಟಾಯ 150 ಕಿಲೋಮೀಟರ್ ಹತ್ತಿರ. ಹೋಗಿ ಬರುವುದು, ರೂಮು ಖಾಲಿ ಮಾಡುವುದು, ಮತ್ತೆ ಕಾಯುವುದು, ಇದರಲ್ಲೇ ಒಂದೂವರೆ ದಿನ ಹೋಗುತ್ತದೆ.

ಪ್ಯಾಕೇಜೇ ತಗೊಳ್ಳುವುದಾದರೆ ಏಜೆಂಟರ ಹತ್ತಿರ ಕೆಲವು ಮಾತು ಬರವಣಿಗೆಯಲ್ಲಿ ತಗೊಳ್ಳಿ. ಅರಮನೆಯ ಒಳಗಿನ ಟಿಕೆಟ್ ಸೇರಿದೆಯಾ, ಬರೀ ಹೊರಗಿಂದ ತೋರಿಸುತ್ತಾರಾ? ಒಡವೆ ಅಂಗಡಿಗೆ ಎಷ್ಟು ಸಲ ಕರೆದುಕೊಂಡು ಹೋಗುತ್ತಾರೆ? ವಿಮಾನ ಯಾವ ನಿಲ್ದಾಣಕ್ಕೆ? ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುವಾಂಗ್ ಅಂತ ಎರಡು ವಿಮಾನ ನಿಲ್ದಾಣ ಇವೆ. ಎರಡೂ ಊರಿನ ಬೇರೆ ಬೇರೆ ಮೂಲೆ. ವಾಪಸ್ ಬರುವಾಗ ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಳ್ಳದೆ ಹೋದವರು ಪರದಾಡಿದ್ದನ್ನು ಕಂಡಿದ್ದೇನೆ.

ಕಾಗದಪತ್ರದ ವಿಷಯ. ಪಾಸ್‌ಪೋರ್ಟ್ ಅವಧಿ ಪ್ರಯಾಣದ ದಿನದಿಂದ ಇನ್ನೂ ಆರು ತಿಂಗಳು ಇರಬೇಕು, ಮಗನದ್ದೂ ನೋಡಿ, ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯುತ್ತದೆ. 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಹೋಗುವ ನಿಯಮ ಬಂತು. ಇಂಥ ನಿಯಮ ಆಗಾಗ ಬದಲಾಗುತ್ತವೆ, ಹಾಗಾಗಿ ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ತೆರೆದು ನೋಡಿ. ಜೊತೆಗೆ 2025ರ ಮೇ 1ರಿಂದ ಟಿಡಿಎಸಿ ಅನ್ನುವ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಬಂತು ಅಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಎರಡನ್ನೂ ಕಾಗದದಲ್ಲಿ ಪ್ರಿಂಟ್ ಹಾಕಿ ಇಟ್ಟುಕೊಳ್ಳಿ.

ಜಗಳೂರು ಹುಡುಗಿ

ಒಡವೆ ಅಂಗಡಿ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಸೋದರಮಾವನವರನ್ನು ಪ್ಯಾಕೇಜಿನವರು ಹರಳಿನ ಅಂಗಡಿಯಲ್ಲಿ ಎರಡು ಗಂಟೆ ಕೂರಿಸಿದ್ದರು. ಅರಮನೆಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ದುಡ್ಡು ಕೊಟ್ಟು ಹೋದವರಿಗೆ ಹೀಗೆ ಮಾಡುವುದು ನ್ಯಾಯ ಅಲ್ಲ.

ತಾವೇ ಹೋಗುವವರಿಗೂ ಇದೇ ಬಲೆ ಬೇರೆ ರೂಪದಲ್ಲಿ ಬರುತ್ತದೆ. ಅರಮನೆಯ ಗೋಡೆ ಪಕ್ಕ ನಡೆಯುತ್ತಿರುತ್ತೀರಿ. ಇಸ್ತ್ರಿ ಬಟ್ಟೆ ಹಾಕಿದ, ಒಳ್ಳೆ ಇಂಗ್ಲಿಷ್ ಮಾತಾಡುವ ಒಬ್ಬರು ಬಂದು 'ಎಲ್ಲಿಂದ ಬಂದಿರಿ, ಇಂಡಿಯಾನಾ' ಅಂತ ಪ್ರೀತಿಯಿಂದ ಕೇಳುತ್ತಾರೆ. ಆಮೇಲೆ 'ಇವತ್ತು ಬೌದ್ಧರ ಹಬ್ಬ, ಅರಮನೆ ಮಧ್ಯಾಹ್ನದ ತನಕ ಮುಚ್ಚಿದೆ' ಅನ್ನುತ್ತಾರೆ. ಅಷ್ಟರಲ್ಲಿ ಒಂದು ಟುಕ್‌ಟುಕ್ ಬಂದು ನಿಲ್ಲುತ್ತದೆ. ತೀರಾ ಕಡಿಮೆ ದುಡ್ಡಿಗೆ ಮೂರು ದೇವಸ್ಥಾನ ತೋರಿಸುತ್ತೇನೆ ಅನ್ನುತ್ತಾನೆ. ಆ ಸುತ್ತು ಮುಗಿಯುವುದು ಹರಳಿನ ಅಂಗಡಿ ಅಥವಾ ಸೂಟು ಹೊಲಿಯುವ ಅಂಗಡಿಯಲ್ಲಿ. ಅವನಿಗೆ ಅಲ್ಲಿ ಕಮಿಷನ್.

ನಿಂತು ವಾದ ಮಾಡಬೇಡಿ. ನಕ್ಕು ಕೈ ಮುಗಿದು ಮುಂದೆ ನಡೆಯಿರಿ, ಟಿಕೆಟ್ ಕೌಂಟರ್ ತನಕ ಹೋಗಿ ಕಣ್ಣಾರೆ ನೋಡಿ. ರಾಜಮನೆತನದ ಕಾರ್ಯಕ್ರಮ ಇದ್ದರೆ ನಿಜವಾಗಿಯೂ ಮುಚ್ಚುವುದುಂಟು, ಆದರೆ ಅದನ್ನು ಅರಮನೆಯ ವೆಬ್‌ಸೈಟಿನಲ್ಲಿ ಮುಂಚೆಯೇ ಹಾಕಿರುತ್ತಾರೆ. ಅಮ್ಮ-ಅಪ್ಪನಿಗೂ ಊರಲ್ಲೇ ಈ ವಿಷಯ ಹೇಳಿಡಿ. ನಮ್ಮ ಹಿರಿಯರಿಗೆ ಯಾರಾದರೂ ವಿನಯವಾಗಿ ಮಾತಾಡಿಸಿದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ?

ಟ್ಯಾಕ್ಸಿ ಹತ್ತುವ ಮುಂಚೆ 'ಮೀಟರ್' ಅಂತ ಒಂದು ಮಾತು ಹೇಳಿ. ಮೀಟರ್ 35 ಬಾತ್‌ನಿಂದ ಶುರುವಾಗುತ್ತದೆ, ದೊಡ್ಡ ಗಾಡಿಗೆ 40. ಹಾಕಲ್ಲ ಅಂದರೆ ಬಾಗಿಲು ಹಾಕಿ ಮುಂದಿನದು ನೋಡಿ. ಗ್ರ್ಯಾಬ್, ಬೋಲ್ಟ್ ಆ್ಯಪ್ ಎರಡೂ ಅಲ್ಲಿ ನಡೆಯುತ್ತವೆ, ಊರಲ್ಲೇ ಹಾಕಿಕೊಂಡು ಕಾರ್ಡ್ ಸೇರಿಸಿಟ್ಟುಕೊಳ್ಳಿ. ಟುಕ್‌ಟುಕ್ ಮಗನ ಖುಷಿಗೆ ಒಂದು ಸಲ ಸಾಕು, ಹತ್ತುವ ಮುಂಚೆಯೇ ದರ ಮಾತಾಡಿ.

ಹರಿಹರದ ಅಕ್ಕ

ನಿಮ್ಮ ಅಮ್ಮನ ವಿಷಯ ಓದಿ ನನ್ನ ಅತ್ತೆಯವರ ನೆನಪಾಯಿತು. ಊಟದ ಬಗ್ಗೆ ನಾನು ಹೇಳುತ್ತೇನೆ.

ಥಾಯ್ ಅಡುಗೆಯಲ್ಲಿ ತೊಂದರೆ ಇರುವುದು ಕಣ್ಣಿಗೆ ಕಾಣುವ ಮಾಂಸದಲ್ಲಿ ಅಲ್ಲ, ರಸದಲ್ಲಿ. ಉಪ್ಪಿನ ಬದಲು ನಮ್ ಪ್ಲಾ ಅಂತ ಮೀನಿನ ರಸ ಹಾಕುತ್ತಾರೆ. ಖಾರದ ಪೇಸ್ಟಿನಲ್ಲಿ ಸೀಗಡಿ ಹುಳಿಸಿ ಅರೆದ, ಕಪಿ ಅನ್ನುವ ಮುದ್ದೆ ಇರುತ್ತದೆ. ಪಲ್ಯ ಬಾಡಿಸುವಾಗ ಆಯ್ಸ್ಟರ್ ಅನ್ನುವ ಚಿಪ್ಪುಜೀವಿಯ ಸಾಸ್. ಹಸಿ ಪಪ್ಪಾಯಿ ಕೋಸಂಬರಿ ನೋಡಿದರೆ ಬರೀ ತರಕಾರಿ, ಅದರಲ್ಲೂ ಮೀನಿನ ರಸ, ಒಣಸೀಗಡಿ. ಪ್ಯಾಡ್ ಥಾಯ್ ಅನ್ನುವ ನೂಡಲ್ಸ್‌ನಲ್ಲಿ ಮೊಟ್ಟೆಯೂ ಸೇರುತ್ತದೆ. ಹಾಗಾಗಿ 'ವೆಜ್' ಅಂತ ಹೇಳಿ ಸುಮ್ಮನಾದರೆ ಆಗುವುದಿಲ್ಲ. ಮಾಂಸದ ತುಂಡು ತೆಗೆದು ಕೊಟ್ಟರೆ ವೆಜ್ ಆಯಿತು ಅಂತ ಅವರು ಪ್ರಾಮಾಣಿಕವಾಗಿಯೇ ತಿಳಿದಿರುತ್ತಾರೆ.

ನೀವು ಹೇಳಬೇಕಾದ ಮಾತು 'ಜೇ'. ಚೀನೀ ಮೂಲದ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಗಾಡಿ, ಅಂಗಡಿ ಕಂಡರೆ ಅಮ್ಮ ಕಣ್ಣು ಮುಚ್ಚಿಕೊಂಡು ತಿನ್ನಬಹುದು. ಅಲ್ಲಿ ಮಾಂಸದ ಹಾಗೇ ಕಾಣುವ ತುಂಡುಗಳಿರುತ್ತವೆ, ಅವು ಸೋಯಾ ಅಥವಾ ಗೋಧಿಯವು. ಅಮ್ಮನಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ ನೋಡಿಯೇ ಬೇಡ ಅಂದುಬಿಡುತ್ತಾರೆ.

ಇನ್ನು ಪಹುರತ್. ಅಲ್ಲಿನ ಇಂಡಿಯನ್ ಪೇಟೆ ಅದು. ಎಂಆರ್‌ಟಿಯ ಸಾಮ್ ಯೋತ್ ಸ್ಟೇಷನ್‌ನಿಂದ ನಡೆದು ಹೋಗಬಹುದು. ರೊಟ್ಟಿ, ದಾಲ್, ಸಮೋಸ, ಚಹಾ ಎಲ್ಲ ಸಿಗುತ್ತದೆ. ಬಂಗಾರದ ಗುಮ್ಮಟದ ದೊಡ್ಡ ಗುರುದ್ವಾರ ಇದೆ, ಬೆಳಗ್ಗೆ ಹೋದರೆ ಲಂಗರ್‌ನಲ್ಲಿ ಊಟ ಹಾಕುತ್ತಾರೆ. ತಲೆ ಮೇಲೆ ಬಟ್ಟೆ ಇರಬೇಕು. ನನ್ನನ್ನು ಕೇಳಿದರೆ ರೂಮನ್ನೂ ಅಲ್ಲೇ ಮಾಡಿ. ಹೊತ್ತು ಹೊತ್ತಿಗೆ ಅಮ್ಮನ ಹೊಟ್ಟೆ ತುಂಬಿದರೆ ಮಿಕ್ಕದ್ದೆಲ್ಲ ನಡೆಯುತ್ತದೆ.

ಮನೆಯಿಂದ ತೆಳು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಖಾರ ಮಂಡಕ್ಕಿ ಕಟ್ಟಿಕೊಂಡು ಹೋಗಿ. ಪುಡಿ, ಉಪ್ಪಿನಕಾಯಿ ಎಲ್ಲ ದೊಡ್ಡ ಬ್ಯಾಗಿಗೆ ಹಾಕಿ, ಖಾರದಪುಡಿಯನ್ನು ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ರೂಮಿನಲ್ಲಿ ಬಿಸಿನೀರಿನ ಕೆಟಲ್ ಇದೆಯಾ ಅಂತ ನೋಡಿ ಬುಕ್ ಮಾಡಿ. ರಾತ್ರಿ ಸುಸ್ತಾಗಿ ಬಂದಾಗ ಬಿಸಿನೀರಿನಲ್ಲಿ ನೆನೆಸಿದ ಅವಲಕ್ಕಿ, ಮೇಲೆ ಚಟ್ನಿಪುಡಿ, ಜೊತೆಗೆ 7-ಇಲೆವೆನ್ ಅಂಗಡಿಯ ಮೊಸರು. ಅಷ್ಟಾದರೆ ಅಮ್ಮ ನೆಮ್ಮದಿಯಾಗಿ ಮಲಗುತ್ತಾರೆ. ಮೊಸರಲ್ಲಿ ಸಿಹಿ ಹಾಕಿರುವುದೇ ಜಾಸ್ತಿ, ಪ್ಲೇನ್ ಅಂತ ಇರುವುದನ್ನು ಹುಡುಕಿ. ಹಣ್ಣಂತೂ ಬೀದಿ ಬೀದಿಯಲ್ಲಿ ಹೆಚ್ಚಿ ಕೊಡುತ್ತಾರೆ. ಮಾವಿನಹಣ್ಣು, ತೆಂಗಿನಹಾಲು ಹಾಕಿದ ಅಂಟಕ್ಕಿ ಅನ್ನ ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ನಲ್ಲಿ ನೀರು ಕುಡಿಯಬೇಡಿ.

ದುರ್ಗದವನು, ಸದ್ಯ ಬ್ಯಾಂಕಾಕ್

ಹರಿಹರದ ಅಕ್ಕ ಹೇಳಿದ ಊಟದ ಮಾತು ಅಷ್ಟೂ ಸರಿ. ರೂಮಿನ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಪಹುರತ್ ಬಟ್ಟೆ ಸಗಟು ಪೇಟೆ. ಫುಟ್‌ಪಾತ್ ತುಂಬ ಸಾಮಾನು, ಕೈಗಾಡಿ, ಮಧ್ಯೆ ಮೋಟಾರ್‌ಬೈಕ್. ಮಂಡಿನೋವಿನವರು ದಿನಕ್ಕೆ ನಾಲ್ಕು ಸಲ ಆ ಜಾಗ ದಾಟುವುದು ತ್ರಾಸು. ಊಟಕ್ಕೆ ಹೋಗಿ ಬನ್ನಿ, ಉಳಿಯುವುದು ಬೇಡ.

ಸುರಸಕ್ ಕಡೆ ಉಳಿದರೂ ಅಮ್ಮನಿಗೆ ಅನುಕೂಲ ಇದೆ. ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ, ಹತ್ತೊಂಬತ್ತನೇ ಶತಮಾನದ್ದು. ಸುತ್ತಮುತ್ತ ದಕ್ಷಿಣದ ಊಟದ ಹೋಟೆಲುಗಳೂ ಇವೆ. ಗುಡಿಯ ಒಳಗೆ ಫೋಟೋ ತೆಗೆಯಬಾರದು. ಥಾಯ್ ಜನ ಹೂವು, ಹಣ್ಣಿನ ತಟ್ಟೆ ಹಿಡಿದು ಸಾಲಾಗಿ ಬಂದು ಮಂಗಳಾರತಿ ತಗೊಳ್ಳುವುದನ್ನು ಅಮ್ಮ ನೋಡಲಿ.

ರೈಲಿನ ಬಗ್ಗೆ ಸ್ವಲ್ಪ. ಸ್ಟೇಷನ್‌ನ ಎಲ್ಲ ದ್ವಾರದಲ್ಲೂ ಲಿಫ್ಟ್ ಇರುವುದಿಲ್ಲ. ಒಂದೋ ಎರಡೋ ದ್ವಾರಕ್ಕೆ ಇರುತ್ತದೆ, ಗೋಡೆಯ ನಕ್ಷೆಯಲ್ಲಿ ಗುರುತು ಹಾಕಿರುತ್ತಾರೆ. ಹೋಟೆಲ್ ಬುಕ್ ಮಾಡುವಾಗ ನಿಮ್ಮ ಸ್ಟೇಷನ್‌ನ ಲಿಫ್ಟ್ ಯಾವ ದ್ವಾರದಲ್ಲಿದೆ ಅಂತಲೂ ನೋಡಿಬಿಡಿ. ಎಂಆರ್‌ಟಿಯಲ್ಲಿ ತಟ್ಟಿದರೆ ಸಾಕು ಅನ್ನುವಂಥ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ನಡೆಯುತ್ತದೆ. ಬಿಟಿಎಸ್‌ನಲ್ಲಿ ಕೌಂಟರಿನಲ್ಲಿ ಟಿಕೆಟ್ ತಗೊಳ್ಳಿ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸ್ಟೇಷನ್‌, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ, ನಡೆಯುತ್ತಿದ್ದವರೆಲ್ಲ ನಿಂತುಬಿಡುತ್ತಾರೆ. ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ಹಗುರವಾಗಿ ಒಂದು ಮಾತೂ ಬೇಡ, ಇಲ್ಲಿ ಅದಕ್ಕೆ ಜೈಲು ಶಿಕ್ಷೆ ಇದೆ. ಇ-ಸಿಗರೇಟ್ ಕೂಡ ನಿಷೇಧ.

ಹೊಳಲ್ಕೆರೆ ಮೇಷ್ಟ್ರು

ಎಲ್ಲರೂ ದಾರಿ, ಊಟ ಹೇಳಿದಿರಿ. ನಾನು ಅರಮನೆಯ ಒಳಗಿನ ಒಂದು ಸಂಗತಿ ಹೇಳುತ್ತೇನೆ, ಏಕೆಂದರೆ ನಮ್ಮ ಜನ ಅದನ್ನು ನೋಡದೆ ಬರುತ್ತಾರೆ. ನನಗೆ ಅದು ಬಹಳ ಬೇಸರದ ವಿಷಯ.

ಅರಮನೆ ಕಟ್ಟಲು ಶುರು ಮಾಡಿದ್ದು 1782ರಲ್ಲಿ. ಅದರ ಆವರಣದಲ್ಲೇ ಪಚ್ಚೆ ಬುದ್ಧನ ಗುಡಿ, ವಾಟ್ ಫ್ರಾ ಕೆಯೊ. ಬುದ್ಧನ ವಿಗ್ರಹ ಚಿಕ್ಕದು, 66 ಸೆಂಟಿಮೀಟರ್ ಎತ್ತರ. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ವರ್ಷಕ್ಕೆ ಮೂರು ಸಲ ಅದರ ಬಂಗಾರದ ಉಡುಗೆಯನ್ನು ರಾಜರೇ ಬದಲಿಸುತ್ತಾರೆ. ಎಲ್ಲರೂ ಇದನ್ನು ನೋಡಿ ಹೊರಗೆ ಬಂದು ಫೋಟೋ ತೆಗೆದು ಹೊರಟುಬಿಡುತ್ತಾರೆ.

ಆದರೆ ಆ ಗುಡಿಯ ಸುತ್ತ ಒಂದು ಉದ್ದ ಪಡಸಾಲೆ ಇದೆ. ಅದರ ಗೋಡೆ ತುಂಬ ರಾಮಾಯಣ. ಅವರು ರಾಮಕಿಯೆನ್ ಅನ್ನುತ್ತಾರೆ. ಒಟ್ಟು 178 ಚಿತ್ರಗಳು. ಉತ್ತರದ ಬಾಗಿಲ ಹತ್ತಿರ ಜನಕರಾಜನಿಗೆ ಸೀತೆ ಸಿಗುವ ದೃಶ್ಯದಿಂದ ಕತೆ ಶುರುವಾಗುತ್ತದೆ, ಪ್ರದಕ್ಷಿಣೆಯಂತೆ ಬಲಕ್ಕೆ ಸಾಗಬೇಕು. ಒಂದು ಚಿತ್ರದ ಮುಂದೆ ಹೊತ್ತು ಕೊಟ್ಟು ನಿಂತು ನೋಡಿ. ಯುದ್ಧದ ಚಿತ್ರದಲ್ಲಿ ಬಿಳೀ ಹನುಮಂತ, ಕಿರೀಟಗಳಿಗೆ ನಿಜವಾದ ಬಂಗಾರದ ರೇಕು, ಮೂಲೆಯಲ್ಲಿ ಯುದ್ಧಕ್ಕೂ ತಮಗೂ ಸಂಬಂಧವೇ ಇಲ್ಲದ ಹಾಗೆ ಅಡುಗೆ ಮಾಡುವ, ಮಗು ಆಡಿಸುವ ಸಾಮಾನ್ಯ ಜನ. ಅಲ್ಲಿ ನೆರಳೂ ಇದೆ, ಅಪ್ಪನವರು ಆಗಾಗ ಕೂತು ಸುಧಾರಿಸಿಕೊಂಡು ನೋಡಬಹುದು. ಬಾಗಿಲು ಕಾಯುವ ಎತ್ತರದ ರಾಕ್ಷಸರಲ್ಲಿ ಹಸಿರು ಮೈಯ, ಹತ್ತು ತಲೆಯವನು ರಾವಣ. ಮೊಮ್ಮಗನಿಗೆ ಅಜ್ಜನೇ ಕತೆ ಹೇಳಲಿ. ಯಾವ ಗೈಡ್‌ಗಿಂತಲೂ ಚೆನ್ನಾಗಿ ಹೇಳುತ್ತಾರೆ. ಹನುಮಂತನ ಕತೆಯಲ್ಲಿ ಅವರದು ನಮ್ಮದಕ್ಕಿಂತ ಬೇರೆ. ಅಲ್ಲಿ ಅವನು ಬ್ರಹ್ಮಚಾರಿ ಅಲ್ಲ, ಪ್ರೇಮಿ. ಅಮ್ಮನವರಿಗೆ ಮುಂಚೆಯೇ ತಿಳಿಸಿ.

ಇದೇ ಕತೆಯನ್ನು ಮುಖವಾಡ ಹಾಕಿ ಕುಣಿಯುವ ಖೋನ್ ಅನ್ನುವ ಆಟ ಇದೆ, 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಮ್ಮ ಕಡೆಯ ದೊಡ್ಡಾಟ ನೋಡಿ ಬೆಳೆದವರಿಗೆ ರಾವಣ ರಂಗಕ್ಕೆ ಬರುವ ಗತ್ತು ತಕ್ಷಣ ಪರಿಚಯವಾಗುತ್ತದೆ. ಅರಮನೆ ಟಿಕೆಟ್ ಜೊತೆಗೆ ವಾರದ ದಿನಗಳಲ್ಲಿ ಇದನ್ನು ನೋಡುವ ಅವಕಾಶ ಕೊಡುತ್ತಾರೆ, ಕೌಂಟರಿನಲ್ಲಿ ಕೇಳಿ. ವಿದೇಶದವರಿಗೆ ಅರಮನೆ ಟಿಕೆಟ್ 500 ಬಾತ್. ಬೆಳಗ್ಗೆ 8.30ಕ್ಕೆ ತೆರೆಯುತ್ತಾರೆ, ಮಧ್ಯಾಹ್ನ 3.30ಕ್ಕೆ ಟಿಕೆಟ್ ನಿಲ್ಲಿಸುತ್ತಾರೆ. ತೆರೆಯುವ ಹೊತ್ತಿಗೇ ಅಲ್ಲಿರಿ. ತೋಳಿಲ್ಲದ ಅಂಗಿ, ಚಡ್ಡಿ, ಹರಿದ ಜೀನ್ಸ್ ಬಿಡುವುದಿಲ್ಲ, ಮೊಮ್ಮಗನಿಗೂ ಉದ್ದ ಪ್ಯಾಂಟ್ ಹಾಕಿ. ಸೀರೆ, ಚೂಡಿದಾರಕ್ಕೆ ತೊಂದರೆ ಇಲ್ಲ. ಬುದ್ಧನ ಮುಂದೆ ಕೂತಾಗ ಕಾಲು ಅವನ ಕಡೆ ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ರೈಲಿನಲ್ಲೂ ಪಕ್ಕ ಕೂರುವುದಿಲ್ಲ.

ವಾಪಸ್ ಬರುವಾಗ ಸುವರ್ಣಭೂಮಿ ನಿಲ್ದಾಣದಲ್ಲಿ ಇಮಿಗ್ರೇಶನ್ ದಾಟಿದ ಮೇಲೆ ಸಮುದ್ರಮಥನದ ದೊಡ್ಡ ಶಿಲ್ಪ ಇದೆ. ಹತ್ತು ನಿಮಿಷ ಅದಕ್ಕೂ ಇಟ್ಟುಕೊಳ್ಳಿ.

ವಿದ್ಯಾನಗರ, ದಾವಣಗೆರೆ

ಮೇಷ್ಟ್ರೇ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಇದುವರೆಗೆ 'ನೀವು ಹೋಗಿ ಬನ್ನಿ' ಅನ್ನುತ್ತಿದ್ದವರು ಆ 178 ಚಿತ್ರ ನೋಡಲೇಬೇಕು ಅಂತ ಹೇಳುತ್ತಿದ್ದಾರೆ. ಪ್ಯಾಕೇಜ್ ಬಿಟ್ಟೆವು. ಪಟ್ಟಾಯ ಇಲ್ಲ. ಸುರಸಕ್ ಸ್ಟೇಷನ್ ಹತ್ತಿರ ರೂಮು ನೋಡುತ್ತಿದ್ದೇನೆ.

ಇನ್ನು ಕೆಲವು ಪ್ರಶ್ನೆ. ದುಡ್ಡು ಹೇಗೆ ತಗೊಂಡು ಹೋಗಬೇಕು? ದಾವಣಗೆರೆಯಿಂದ ದೇವನಹಳ್ಳಿಗೆ ಬಸ್ಸಾ, ರೈಲಾ, ಕಾರಾ? ವಿಮಾನ ರಾತ್ರಿ ಹೊರಟು ಬೆಳಗಿನ ಜಾವ ಇಳಿಯುತ್ತದೆ, ಆ ಹೊತ್ತಿಗೆ ರೂಮು ಕೊಡುತ್ತಾರಾ? ಅಪ್ಪನಿಗೆ ಬಿಪಿ, ಶುಗರ್ ಮಾತ್ರೆ ಇವೆ.

ಎಂಸಿಸಿ ಬಿ ಬ್ಲಾಕ್

ದುಡ್ಡಿನದು ನಾನು ಹೇಳುತ್ತೇನೆ. ಇಲ್ಲಿ ಮಂಡಕ್ಕಿ ಅಂಗಡಿಯಲ್ಲೂ ಫೋನ್ ತೋರಿಸಿ ಅಭ್ಯಾಸ, ಅಲ್ಲಿ ಅದನ್ನು ನಂಬಿಕೊಂಡು ಕೈಬೀಸಿಕೊಂಡು ಹೋಗಬೇಡಿ. ದೋಣಿ, ಬೀದಿ ಗಾಡಿ, ಗುಡಿಯ ಟಿಕೆಟ್‌ಗೆ ನಗದು ಬೇಕೇ ಬೇಕು. ಖರ್ಚಿನ ಅರ್ಧದಷ್ಟು ಬಾತ್ ಊರಲ್ಲೇ ವಿದೇಶಿ ದುಡ್ಡು ಬದಲಿಸಿಕೊಡುವ ಅಧಿಕೃತ ಫಾರೆಕ್ಸ್‌ನವರ ಹತ್ತಿರ ತಗೊಂಡು ರಸೀದಿ ಇಟ್ಟುಕೊಳ್ಳಿ. ಮಿಕ್ಕಿದ್ದು ಫಾರೆಕ್ಸ್ ಕಾರ್ಡ್‌ನಲ್ಲಿರಲಿ. ಅಲ್ಲಿನ ಎಟಿಎಂ ವಿದೇಶಿ ಕಾರ್ಡಿಗೆ ಒಂದು ಸಲ ತೆಗೆದರೆ 200 ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತದೆ. ಹಾಗಾಗಿ ಚೂರು ಚೂರು ತೆಗೆಯದೆ ಒಂದೇ ಸಲ ತೆಗೆಯಿರಿ. ಮಷೀನು ಅಥವಾ ಅಂಗಡಿಯವರು 'ರೂಪಾಯಿಯಲ್ಲಿ ಹಿಡಿಯಲಾ, ಬಾತ್‌ನಲ್ಲಾ' ಅಂತ ಕೇಳಿದರೆ ಬಾತ್ ಅನ್ನಿ. ರೂಪಾಯಿ ಅಂದರೆ ದರ ಅವರು ಹೇಳಿದ್ದು. ನಗದನ್ನು ಒಂದೇ ಪರ್ಸಿನಲ್ಲಿ ಇಡಬೇಡಿ, ಅಮ್ಮನ ಹತ್ತಿರವೂ ಸ್ವಲ್ಪ ಇರಲಿ.

ಟಿಕೆಟ್ ಕೌಂಟರ್, ದಾವಣಗೆರೆ

ದೇವನಹಳ್ಳಿಗೆ ನಾಲ್ಕು ಜನ, ದೊಡ್ಡ ಬ್ಯಾಗು ಅಂದರೆ ಕಾರೇ ಸರಿ. ರೈಲಿನಲ್ಲಿ ಬೆಂಗಳೂರು ಊರೊಳಗೆ ಇಳಿದು ಮತ್ತೆ ನಿಲ್ದಾಣಕ್ಕೆ ಹೋಗುವುದು ಹಿರಿಯರಿಗೆ ಎರಡು ಪ್ರಯಾಣ ಆದ ಹಾಗೆ. ಡ್ರೈವರಿಗೆ ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಲು ಹೇಳಿ. ಗೊರಗುಂಟೆಪಾಳ್ಯದ ಟ್ರಾಫಿಕ್ಕೇ ಸಿಗುವುದಿಲ್ಲ. ವಿಮಾನದ ಹೊತ್ತಿಗೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಊಟಕ್ಕೆ, ಟೀಗೆ ನಿಲ್ಲಿಸುವುದು ಸೇರಿ ಮನೆಯಿಂದ ವಿಮಾನದ ಹೊತ್ತಿಗೆ ಒಂಬತ್ತು ಗಂಟೆ ಮುಂಚೆ ಹೊರಡಿ. ಪವರ್‌ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಬ್ಯಾಗು ತೆರೆಸುತ್ತಾರೆ.

ಅಪ್ಪನವರಿಗೆ ಗಾಲಿಕುರ್ಚಿ ಕೇಳಿಕೊಳ್ಳಿ ಮೇಡಂ. ಟಿಕೆಟ್ ಮಾಡುವಾಗಲೇ ವಿಮಾನ ಕಂಪನಿಗೆ ಹೇಳಬಹುದು, ತಡವಾದರೂ ಎರಡು ದಿನ ಮುಂಚೆ ಹೇಳಿ. ತುಂಬಾ ಜನ ಅಪ್ಪಂದಿರು 'ನನಗೇನು ಆಗಿದೆ' ಅಂತ ಬೇಡ ಅನ್ನುತ್ತಾರೆ. ಸುವರ್ಣಭೂಮಿಯಲ್ಲಿ ವಿಮಾನದಿಂದ ಇಮಿಗ್ರೇಶನ್ ತನಕ ನಡೆಯುವ ದಾರಿಯೇ ಉದ್ದ. ಆಮೇಲೆ ಅಲ್ಲಿ ಸಾಲು. ಆ ನಡಿಗೆ ಉಳಿಸಿದರೆ ಮೊದಲ ದಿನ ಮಂಡಿ ಸರಿ ಇರುತ್ತದೆ.

ಔಷಧಿ ಅಂಗಡಿ, ಚಳ್ಳಕೆರೆ

ಮಾತ್ರೆಗಳನ್ನು ಅವು ಬಂದ ಸ್ಟ್ರಿಪ್‌ನಲ್ಲೇ ಇಟ್ಟು, ಡಾಕ್ಟರ ಚೀಟಿಯ ಜೊತೆ ಕೈಬ್ಯಾಗಿನಲ್ಲಿ ಇಡಿ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಐದು ದಿನಕ್ಕೆ ಅಂತ ಲೆಕ್ಕ ಹಾಕದೆ ಒಂದು ವಾರದ್ದು ಜಾಸ್ತಿ ಇರಲಿ. ಥಾಯ್ಲೆಂಡ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಮಾತ್ರೆ ಹೊತ್ತಿಗೆ ಅದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ, ಆದರೂ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ರಾತ್ರಿ ಪ್ರಯಾಣದಲ್ಲಿ ಶುಗರ್ ಇರುವವರು ಹಸಿದಿರಬಾರದು.

ನಮ್ಮ ಕಡೆ ಬಿಸಿಲು ಒಣ ಬಿಸಿಲು. ಅಲ್ಲಿನದು ಬೆವರಿಳಿಸುವ ಸೆಕೆ, ಡಿಸೆಂಬರ್‌ನಲ್ಲಿ ವಾಸಿ, ಆದರೂ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಹೊರಗೆ ಬೆವರು, ಮಾಲ್ ಮತ್ತು ರೈಲಿನಲ್ಲಿ ಎಸಿ ಚಳಿ. ತೆಳು ಶಾಲು ಒಂದು ಸದಾ ಕೈಯಲ್ಲಿರಲಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಕೆಲವು ದಿನ ಗಾಳಿ ಬಹಳ ಕೆಡುತ್ತದೆ. ಉಬ್ಬಸ ಇದ್ದವರಿಗೆ ಎನ್95 ಮಾಸ್ಕ್ ಬೇಕು. ಪ್ರಯಾಣ ವಿಮೆ ಮಾಡಿಸದೆ ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ಬಿಪಿ, ಶುಗರ್ ಇದೆ ಅಂತ ಅರ್ಜಿಯಲ್ಲಿ ನಿಜ ಬರೆಯಿರಿ, ಮುಚ್ಚಿಟ್ಟರೆ ಬೇಕಾದಾಗ ವಿಮೆ ಸಿಗುವುದಿಲ್ಲ. ಅಲ್ಲಿ ಆಂಬುಲೆನ್ಸ್ ನಂಬರ್ 1669, ಪ್ರವಾಸಿ ಪೊಲೀಸ್ 1155. ಎರಡನ್ನೂ ಎಲ್ಲರ ಫೋನಿನಲ್ಲಿ ಹಾಕಿಡಿ.

ದುರ್ಗದವನು, ಸದ್ಯ ಬ್ಯಾಂಕಾಕ್

ಬೆಳಗಿನ ಜಾವ ಇಳಿಯುವ ಪ್ರಶ್ನೆಗೆ. ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೆ. ಬ್ಯಾಗು ಇಟ್ಟುಕೊಳ್ಳುತ್ತಾರೆ, ಆದರೆ ನಿದ್ದೆಗೆಟ್ಟ ಹಿರಿಯರು ಲಾಬಿಯಲ್ಲಿ ಎಂಟು ಗಂಟೆ ಕೂರುವುದು ಆಗದ ಮಾತು. ಹಿಂದಿನ ರಾತ್ರಿಯಿಂದಲೇ ರೂಮು ಬುಕ್ ಮಾಡಿ, ನಾವು ಬೆಳಗ್ಗೆ ಬರುತ್ತೇವೆ ಅಂತ ಹೋಟೆಲಿಗೆ ಬರೆದು ತಿಳಿಸಿ. ಒಂದು ರಾತ್ರಿಯ ದುಡ್ಡು ಜಾಸ್ತಿ ಆಗುತ್ತದೆ. ಈ ಇಡೀ ಪ್ರವಾಸದಲ್ಲಿ ಅದರಷ್ಟು ಸಾರ್ಥಕ ಖರ್ಚು ಬೇರೆ ಇಲ್ಲ.

ವಿಮಾನ ನಿಲ್ದಾಣದಿಂದ ಊರಿಗೆ ರೈಲೂ ಇದೆ. 45 ಬಾತ್‌ಗೆ ಅರ್ಧ ಗಂಟೆಯಲ್ಲಿ ಫಯಾ ಥಾಯ್ ತನಕ ಬರುತ್ತದೆ. ಅಲ್ಲಿ ಬಿಟಿಎಸ್ ಹಿಡಿದು, ಸಿಯಾಮ್‌ನಲ್ಲಿ ಇನ್ನೊಂದು ರೈಲಿಗೆ ಬದಲಾಯಿಸಿ ಸುರಸಕ್. ಬ್ಯಾಗು, ಮಂಡಿನೋವು ಎರಡೂ ಇರುವಾಗ ಇದು ಬೇಡ. ನೆಲಮಹಡಿಗೆ ಇಳಿಯಿರಿ, ಟ್ಯಾಕ್ಸಿಗೆ ಚೀಟಿ ಕೊಡುವ ಮಷೀನು ಇದೆ. ಚೀಟಿಯಲ್ಲಿರುವ ನಂಬರಿನ ಜಾಗದಲ್ಲಿ ಗಾಡಿ ನಿಂತಿರುತ್ತದೆ. ದೊಡ್ಡ ಗಾಡಿಯ ಸಾಲು ಬೇರೆ. ಮೀಟರ್ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಎಕ್ಸ್‌ಪ್ರೆಸ್‌ವೇ ಟೋಲ್ ನಾವೇ ಕೊಡಬೇಕು. ಆ ಚೀಟಿಯನ್ನು ಡ್ರೈವರಿಗೆ ಕೊಡದೆ ನೀವೇ ಇಟ್ಟುಕೊಳ್ಳಿ, ಗಾಡಿಯಲ್ಲಿ ಏನಾದರೂ ಮರೆತರೆ ಅದೇ ಆಧಾರ. ಹೋಟೆಲಿನ ಹೆಸರು, ವಿಳಾಸ ಥಾಯ್ ಅಕ್ಷರದಲ್ಲಿ ಫೋನಿನಲ್ಲಿ ಇರಲಿ. ಇಂಗ್ಲಿಷ್ ವಿಳಾಸ ಓದಲು ಬಾರದ ಡ್ರೈವರುಗಳು ಬಹಳ.

ವಿದ್ಯಾನಗರ, ದಾವಣಗೆರೆ

ಹಾಗಾದರೆ ಹೀಗೆ ಮಾಡುತ್ತಿದ್ದೇವೆ. ಇಳಿದ ದಿನ ಪೂರ್ತಿ ವಿಶ್ರಾಂತಿ, ಸಂಜೆ ಮಾರಿಯಮ್ಮನ ಗುಡಿ. ಮಾರನೇ ದಿನ ಅರಮನೆ ಒಂದೇ. ಮೂರನೇ ದಿನ ವಾಟ್ ಫೋ, ಅಲ್ಲಿಂದ ದೋಣಿಯಲ್ಲಿ ನದಿ ದಾಟಿ ವಾಟ್ ಅರುಣ್. ನಾಲ್ಕನೇ ದಿನ ಗುರುದ್ವಾರ, ಪಹುರತ್. ಕೊನೇ ದಿನ ಚತುಚಕ್ ಸಂತೆ. ಸರಿ ಇದೆಯಾ ಅಣ್ಣ?

ದುರ್ಗದವನು, ಸದ್ಯ ಬ್ಯಾಂಕಾಕ್

ಸರಿ ಇದೆ ಅಕ್ಕ, ಎರಡು ತಿದ್ದುಪಡಿ. ವಾಟ್ ಫೋದಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ, ಅಲ್ಲಿ ಎಲ್ಲ ಸಮತಟ್ಟು, ಅಪ್ಪನಿಗೆ ಕಷ್ಟ ಇಲ್ಲ. ಥಾ ತಿಯೆನ್ ಗಟ್ಟೆಯಿಂದ ನದಿ ದಾಟಲು ದೋಣಿಗೆ 5 ಬಾತ್. ಆದರೆ ವಾಟ್ ಅರುಣ್ ಗೋಪುರದ ಮೆಟ್ಟಿಲು ಬಹಳ ಕಡಿದು. ಅಪ್ಪ ಕೆಳಗಿನ ಅಂಗಳದಲ್ಲಿ ನಿಂತು ಪಿಂಗಾಣಿ ಚೂರಿನ ಕೆಲಸ ನೋಡಲಿ, ಅದು ಕೆಳಗೇ ಚೆನ್ನಾಗಿ ಕಾಣುತ್ತದೆ. ನೀವು ಮಗನ ಜೊತೆ ಹತ್ತಿ ಬನ್ನಿ.

ಚತುಚಕ್ ದೊಡ್ಡ ಸಂತೆ ಶನಿವಾರ, ಭಾನುವಾರ ಮಾತ್ರ. ನಿಮ್ಮ ಕೊನೇ ದಿನ ವಾರದ ಮಧ್ಯೆ ಬಂದರೆ ಹೋಗಿ ಪ್ರಯೋಜನ ಇಲ್ಲ. ಆಗ ಚಿತ್ ಲೋಮ್ ಸ್ಟೇಷನ್ ಹತ್ತಿರ ಎರಾವಾನ್‌ನ ನಾಲ್ಕು ಮುಖದ ಬ್ರಹ್ಮನ ಗುಡಿಗೆ ಹೋಗಿ. 1956ರಲ್ಲಿ ಸ್ಥಾಪಿಸಿದ್ದು, ದಿನವಿಡೀ ಹರಕೆಯ ನೃತ್ಯ ನಡೆಯುತ್ತದೆ. ಸ್ಟೇಷನ್‌ನಿಂದ ಮೇಲಿನ ಕಾಲುದಾರಿಯಲ್ಲೇ ನಡೆದು ಹೋಗಬಹುದು, ರಸ್ತೆ ದಾಟುವ ಹಾಗಿಲ್ಲ. ಇನ್ನೊಂದು, ಡಿಸೆಂಬರ್ 10 ಇಲ್ಲಿ ಸಂವಿಧಾನ ದಿನ, ಸರ್ಕಾರಿ ರಜೆ. ಅರಮನೆಯಲ್ಲಿ ಜನ ಜಾಸ್ತಿ ಇರುತ್ತಾರೆ, ಆ ದಿನ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ನಿಮ್ಮ ತಾರೀಖು, ಹೋಟೆಲ್ ಹೆಸರು ಖಾಸಗಿ ಸಂದೇಶದಲ್ಲಿ ಕಳಿಸಿ, ಸ್ಟೇಷನ್‌ನ ಲಿಫ್ಟ್ ಯಾವ ಬದಿ ಅಂತ ನಾನೇ ಹೋಗಿ ನೋಡಿ ಹೇಳುತ್ತೇನೆ.